ರೇಸಿನ ಬ್ರೇಕು ನಮ್ಮೂರ ರಸ್ತೆಗೆ ಬೇಕೇ?

ಕಬ್ಬಿನ ಹಂಗಾಮು ಬಂತೆಂದರೆ ರಬಕವಿ, ಜಮಖಂಡಿ, ಮುಧೋಳದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು. ಅವುಗಳ ಹಿಂದೆ ಬರುವ ಕಾರು ಥಟ್ಟನೆ ನಿಲ್ಲಬೇಕಾದ ಪ್ರಸಂಗ ದಿನವೂ ಇದ್ದದ್ದೇ. ರೇಸ್ ಕಾರಿನ ಬ್ರೇಕ್ ಪ್ಯಾಡ್ ಹಾಕಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಹುಡುಗರಿಗೆ ಅನ್ನಿಸುವುದು ಸಹಜ. ವಿಜ್ಞಾನ ಹೇಳುವುದೇ ಬೇರೆ.

ಬ್ರೇಕಿನ ಕೆಲಸವೆಂದರೆ ಚಲನಶಕ್ತಿಯನ್ನು ಘರ್ಷಣೆಯಿಂದ ಉಷ್ಣವಾಗಿ ಬದಲಿಸುವುದು. 1000 ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 1.39 ಲಕ್ಷ ಜೂಲ್. ಅರ್ಧ ಲೀಟರಿಗೆ ತುಸು ಕಡಿಮೆ ನೀರನ್ನು 30 ಡಿಗ್ರಿಯಿಂದ ಕುದಿಬಿಂದುವಿಗೆ ತರಲು ಇಷ್ಟು ಸಾಕು. ವೇಗ ಇಮ್ಮಡಿಯಾದರೆ ಉಷ್ಣ ನಾಲ್ಮಡಿ!

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಜೋರಾಗಿ ಬ್ರೇಕ್ ಒತ್ತಬೇಕು. ಪ್ಯಾಡ್ ತಣಿಯಲು ಬಿಡುವೇ ಇಲ್ಲ. ಆದ್ದರಿಂದ ರೇಸಿನ ಪ್ಯಾಡನ್ನು ಭಾರೀ ಬಿಸಿಯಲ್ಲೂ ಹಿಡಿತ ತಪ್ಪದಂತೆ ತಯಾರಿಸುತ್ತಾರೆ. ಆದರೆ ತಣ್ಣಗಿದ್ದಾಗ ಅದರ ಹಿಡಿತ ಕಡಿಮೆ. ಮುಂಜಾನೆ ಮನೆಯಿಂದ ಹೊರಟ ಕಾರಿಗೆ ಮೊದಲ ತಿರುವಿನಲ್ಲೇ ಮಗು ಅಡ್ಡ ಬಂದರೆ? ಆಗ ಬೇಕಾದದ್ದು ತಣ್ಣಗಿದ್ದಾಗಲೂ ಹಿಡಿಯುವ ಸಾಧಾರಣ ಪ್ಯಾಡು. ಮೇಲಾಗಿ ರೇಸಿನ ಪ್ಯಾಡು ಕೀರಲು ಸದ್ದು ಮಾಡುತ್ತದೆ, ಡಿಸ್ಕನ್ನೂ ಬೇಗ ಸವೆಸುತ್ತದೆ.

ಪ್ಯಾಡಿನಷ್ಟೇ ಮುಖ್ಯವಾದದ್ದು ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್; ಸಾಮಾನ್ಯವಾಗಿ ಇದು ಎಣ್ಣೆಯಲ್ಲ, ಗ್ಲೈಕಾಲ್ ಈಥರ್ ಜಾತಿಯ ದ್ರವ. ಪಾಠದಲ್ಲಿ ಓದಿದ ಪ್ಯಾಸ್ಕಲ್ ನಿಯಮದಂತೆ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಇದರ ದೋಷವೊಂದೇ: ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155.

ದ್ರವ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಆಗ ಪೆಡಲ್ ಮೆತ್ತಗಾಗಿ ತಳಕ್ಕಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಗೋವಾಕ್ಕೆಂದು ಹೊರಟವರು ಅಂಬೋಲಿ ಘಾಟ್ ಇಳಿಯುವಾಗ ಬ್ರೇಕ್ ಮೇಲೆಯೇ ಕಾಲಿಟ್ಟರೆ ಈ ಅಪಾಯ ತಪ್ಪಿದ್ದಲ್ಲ. ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿ, ಎಂಜಿನ್ನೇ ವೇಗ ತಡೆಯುವಂತೆ ಮಾಡುವುದು ಜಾಣತನ.

ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯ ದ್ರವವನ್ನೇ ಸೀಲು ಒಡೆಯದ ಡಬ್ಬಿಯಿಂದ ಹಾಕಿಸಬೇಕು. ಹೆಚ್ಚಿನ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಎಂಜಿನ್ ಆಯಿಲ್ ಸೇರಿಸಿದರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.

“ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತು?” ಮಕ್ಕಳು ಇವತ್ತೇ ಅಪ್ಪನಿಗೆ ಕೇಳಬೇಕಾದ ಪ್ರಶ್ನೆಯಿದು.