ಬಯಲಿನ ಕಂಠ, ಸ್ಟುಡಿಯೋದ ತಾಳ

ಜೀ ಕನ್ನಡ ವಾಹಿನಿಯ ‘ಸರಿಗಮಪ’ ಸ್ಪರ್ಧೆಯ 15ನೇ ಆವೃತ್ತಿ 2019ರ ಫೆಬ್ರವರಿಯಲ್ಲಿ ಮುಗಿಯಿತು. ಕೀರ್ತನ್ ಹೊಳ್ಳ ಪ್ರಥಮ ಸ್ಥಾನ ಪಡೆದರು. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ದ್ವಿತೀಯ. ಕುರಿ ಕಾಯುತ್ತ ಹಾಡಿಕೊಂಡಿದ್ದ ಕಂಠವನ್ನೂ ಸಂಗೀತ ಕಲಿತ ಕಂಠವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಬೇವೂರಿನ ಕಡೆಯ ಭಜನಾ ಮೇಳಗಳನ್ನು ನೆನೆಯಿರಿ. ತತ್ವಪದ ಹಾಡುವವನು ತನ್ನ ಕಂಠಕ್ಕೆ ಒಗ್ಗುವ ಶ್ರುತಿ ಹಿಡಿಯುತ್ತಾನೆ. ಹಾರ್ಮೋನಿಯಂ ಅವನನ್ನು ಅನುಸರಿಸುತ್ತದೆ. ಸಾಲನ್ನು ತುಸು ಎಳೆದರೆ ಹಿಮ್ಮೇಳ ಕಾಯುತ್ತದೆ. ಚಿತ್ರಗೀತೆಯಲ್ಲಿ ಈ ಸಲಿಗೆಯಿಲ್ಲ. ಪಲ್ಲವಿ, ಚರಣಗಳ ನಡುವೆ ವಾದ್ಯಗಳು ಎಷ್ಟು ಮಾತ್ರೆ ನುಡಿಯಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಎತ್ತುಗಡೆ ಅರ್ಧ ಮಾತ್ರೆ ತಡವಾದರೂ ತಪ್ಪು ಎದ್ದು ಕೇಳಿಸುತ್ತದೆ. ಶ್ರುತಿಯನ್ನು ಹಾಡುಗಾರನಿಗಾಗಿ ಏರಿಸಬಹುದು, ಇಳಿಸಬಹುದು. ಲೆಕ್ಕ ಬದಲಿಸುವುದು ಕಷ್ಟ. ಹೀಗಾಗಿ ಬಯಲಿನ ಹಾಡುಗಾರ ಮೊದಲು ಕಲಿಯಬೇಕಾದದ್ದು ಕಾಯುವುದನ್ನು.

ಇನ್ನು ದನಿ. ದೂರಕ್ಕೆ ಕೇಳಿಸಲೆಂದು ಬೆಳೆದ ಏರುದನಿಯನ್ನು ಮೈಕಿನ ಮುಂದೆ ತಗ್ಗಿಸಬೇಕಾಗುತ್ತದೆ. ತೀರಾ ತಗ್ಗಿಸಿದರೆ ಅದರ ಸೊಗಸೇ ಹೋದೀತು! ಶ್ರುತಿ, ತಾಳಗಳಿಗೆ ಅಂಕ ಹಾಕುವಷ್ಟು ಸುಲಭವಾಗಿ ಈ ಸೊಗಸಿಗೆ ಹಾಕಲಾಗದು. ತೀರ್ಪುಗಾರರಿಗೆ ನಿಜವಾದ ಕಷ್ಟ ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಮುಂದಿನ ಸಲ ಇಂಥ ಸ್ಪರ್ಧೆ ನೋಡುವಾಗ, ನಡುವಣ ವಾದ್ಯಸಂಗೀತ ಮುಗಿಯುವ ಹೊತ್ತಿಗೆ ಹಾಡುಗಾರ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂಬುದನ್ನು ಗಮನಿಸಿ.