ತೆಂಗಿನ ಸೀಮೆಯ ಪೌರಾಣಿಕ ನಾಟಕ ಸಂಗೀತ: ಆಶ್ರಯ, ಕಲಿಕೆ ಮತ್ತು ಕಂದಪದ್ಯ

ಕನ್ನಡದಲ್ಲಿ ಸಂಗೀತವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಶಾಸ್ತ್ರೀಯ, ಜನಪದ, ಚಲನಚಿತ್ರ ಎಂಬ ಮೂರು ನೆಲೆಗಳಲ್ಲಿ ನಡೆದಿದೆ. ಇತ್ತೀಚಿನ ವರ್ಷಗಳಲ್ಲಿ ಚಿತ್ರೋದ್ಯಮದ ಮತ್ತು ಧ್ವನಿಮುದ್ರಣ ಸಂಸ್ಥೆಗಳ ಹಂಗಿಲ್ಲದೆ ಹಾಡುವ ನಗರದ ತಂಡಗಳನ್ನು ಗುರುತಿಸಲು 'ಸ್ವತಂತ್ರ ಸಂಗೀತ' ಎಂಬ ನಾಲ್ಕನೆಯ ಹೆಸರೂ ಸೇರಿಕೊಂಡಿದೆ. ಹಾಡುವವರೇ ಖರ್ಚನ್ನು ಹೊರುವುದು, ಯಾವುದನ್ನು ಹಾಡಬೇಕೆಂಬುದನ್ನು ಅವರೇ ನಿರ್ಧರಿಸುವುದು ಈ ಸ್ವಾತಂತ್ರ್ಯದ ಲಕ್ಷಣಗಳೆಂದಾದರೆ, ಅದಕ್ಕೆ ಕರ್ನಾಟಕದಲ್ಲಿ ಬಹಳ ಹಿಂದಿನ ನಿದರ್ಶನವೊಂದು ದೊರೆಯುತ್ತದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ರೈತರೂ ಕೂಲಿಕಾರರೂ ತಾವೇ ಹಣ ಹಾಕಿ ಆಡುವ ಪೌರಾಣಿಕ ನಾಟಕಗಳ ಸಂಗೀತವೇ ಅದು. ಈ ಸಂಗೀತ ಯಾವ ಆಧಾರದ ಮೇಲೆ ನಿಂತಿದೆ, ಹೇಗೆ ಕಲಿಸಲ್ಪಡುತ್ತದೆ, ಕನ್ನಡ ಅಧ್ಯಯನಕ್ಕೆ ಅದರಿಂದ ಏನು ಪ್ರಯೋಜನ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆ ಮತ್ತು ದುಡಿಮೆ

ಈ ಮೂರು ತಾಲ್ಲೂಕುಗಳ ಬದುಕು ತೆಂಗನ್ನು ಅವಲಂಬಿಸಿದೆ. ಇಲ್ಲಿಯ ಮುಖ್ಯ ಉತ್ಪನ್ನ ಉಂಡೆ ಕೊಬ್ಬರಿ. ಬಲಿತ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೆ ಇರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು, ಒಡೆದು ಮಾರುಕಟ್ಟೆಗೆ ಒಯ್ಯುತ್ತಾರೆ. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಉಂಡೆ ಕೊಬ್ಬರಿಯ ವ್ಯಾಪಾರಕ್ಕೆ ದೇಶದಲ್ಲೇ ಹೆಸರಾದದ್ದು. ಕಾಯಿ ಕೀಳುವವರು, ಸುಲಿಯುವವರು, ಒಡೆಯುವವರು, ಮಾರುಕಟ್ಟೆಯ ಹಮಾಲರು, ನಾರಿನ ಕಾರ್ಖಾನೆಗಳ ಕೆಲಸಗಾರರು, ಲಾರಿ ಚಾಲಕರು ಹೀಗೆ ಒಂದೇ ಬೆಳೆಯ ಸುತ್ತ ದೊಡ್ಡ ದುಡಿಯುವ ವರ್ಗವಿದೆ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ಬಂದಿತು. ಚಿಕ್ಕನಾಯಕನಹಳ್ಳಿಯ ಅದಿರಿನ ಗಣಿಗಳು 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ನಿಲ್ಲುವವರೆಗೆ ಅನೇಕರಿಗೆ ಕೂಲಿ ಕೊಟ್ಟವು. ನಾಟಕವಾಡುವವರು ಬರುವುದು ಈ ಜನರ ನಡುವಿನಿಂದ.

ಅಟ್ಟದ ಮೇಲಿನ ಕೊಬ್ಬರಿ ರೈತನ ಪಾಲಿಗೆ ಉಳಿತಾಯವೂ ಹೌದು. ಮದುವೆ, ಚಿಕಿತ್ಸೆ, ದೇವರ ಕಾರ್ಯಗಳಿಗೆ ಅದನ್ನು ಇಳಿಸುವಂತೆ ನಾಟಕದ ಪಾತ್ರಕ್ಕೂ ಇಳಿಸುವುದುಂಟು. ಆದ್ದರಿಂದ ಈ ಕಲೆಗೂ ಕೊಬ್ಬರಿಯ ಧಾರಣೆಗೂ ನೇರ ನಂಟಿದೆ. 2000ದ ಆಸುಪಾಸಿನಲ್ಲಿ ತೆಂಗಿಗೆ ಹಬ್ಬಿದ ನುಸಿ ಪೀಡೆ ಇಳುವರಿಯನ್ನು ಕುಗ್ಗಿಸಿತು. 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಧಾರಣೆ ಆ ವರ್ಷದ ಬೆಂಬಲ ಬೆಲೆಯಾದ 12,100 ರೂಪಾಯಿಗಳ ಎರಡು ಪಟ್ಟನ್ನೂ ಮೀರಿತು. ಅರಮನೆಯೋ ಅಕಾಡೆಮಿಯೋ ಪೋಷಿಸುವ ಕಲೆ ಇಂತಹ ಏರಿಳಿತಗಳಿಗೆ ನೇರವಾಗಿ ಒಡ್ಡಿಕೊಳ್ಳುವುದಿಲ್ಲ. ಈ ಕಲೆಗೆ ಬೇರೆ ಆಸರೆಯಿಲ್ಲ.

ಕಂಪನಿಯಿಂದ ಊರಿಗೆ

ಈ ಸಂಗೀತದ ಮೂಲ ಕಂಪನಿ ನಾಟಕಗಳಲ್ಲಿದೆ. 1884ರಲ್ಲಿ ಗುಬ್ಬಿಯಲ್ಲಿ ಸ್ಥಾಪನೆಯಾದ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ನಾಡಿನ ದೊಡ್ಡ ವೃತ್ತಿ ಕಂಪನಿಯಾಗಿ ಬೆಳೆಯಿತು. ಅದಕ್ಕೆ ನಾಟಕಗಳನ್ನೂ ಹಾಡುಗಳನ್ನೂ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಇದೇ ಜಿಲ್ಲೆಯವರು. 1934ರಲ್ಲಿ ತೆರೆಕಂಡ 'ಸತಿ ಸುಲೋಚನಾ' ಚಿತ್ರದ ಸಾಹಿತ್ಯವೂ ಅವರದೇ. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು ಬಾಲ್ಯದಲ್ಲಿಯೇ ರಂಗಭೂಮಿಗೆ ಸೇರಿ, 1954ರ 'ಬೇಡರ ಕಣ್ಣಪ್ಪ'ದಿಂದ ಚಲನಚಿತ್ರಕ್ಕೆ ಬಂದರು. ಗುಬ್ಬಿ, ತಿಪಟೂರುಗಳೆರಡೂ ಬೆಂಗಳೂರು–ಅರಸೀಕೆರೆ ರೈಲುಮಾರ್ಗದ ಮೇಲಿರುವುದು ಕಂಪನಿಗಳ ಓಡಾಟಕ್ಕೆ ಅನುಕೂಲವಾಗಿತ್ತು.

ಸಿನಿಮಾದ ಪೈಪೋಟಿಯಲ್ಲಿ ಕಂಪನಿಗಳು ಸೊರಗಿದರೂ ಅವುಗಳ ಸಂಗೀತ ಸೊರಗಲಿಲ್ಲ. ಅದು ಟಿಕೆಟ್ಟಿನ ರಂಗಮಂದಿರವನ್ನು ಬಿಟ್ಟು ಊರ ದೇವಸ್ಥಾನದ ಮುಂದಿನ ಬಯಲಿಗೆ ಬಂದಿತು. ಆ ಬಯಲಿನಲ್ಲಿ ಅದಕ್ಕೂ ಮೊದಲು ಮುಖವೀಣೆ, ಮದ್ದಲೆ, ತಾಳಗಳ ಮೂಡಲಪಾಯ ಯಕ್ಷಗಾನವಿತ್ತು. ಮೂಡಲಪಾಯದ ಹಿಮ್ಮೇಳಕ್ಕೂ ಹಾರ್ಮೋನಿಯಂ ಕ್ರಮೇಣ ಪ್ರವೇಶಿಸಿತು. ಆದರೆ ಎರಡು ಪ್ರಕಾರಗಳ ನಡುವೆ ಮೂಲಭೂತ ವ್ಯತ್ಯಾಸವಿದೆ. ಯಕ್ಷಗಾನದಲ್ಲಿ ಪದ ಹೇಳುವವನು ಭಾಗವತ. ಪಾತ್ರಧಾರಿ ಕುಣಿದು ಅರ್ಥ ಹೇಳುತ್ತಾನೆ. ನಾಟಕದಲ್ಲಿ ಪಾತ್ರಧಾರಿಯೇ ಹಾಡಬೇಕು. ಹಾಡಿನ ಹೊಣೆ ಒಬ್ಬ ಪರಿಣತನಿಂದ ಊರಿನ ಇಪ್ಪತ್ತು ಮಂದಿಗೆ ಹಂಚಿಹೋದದ್ದು ಈ ಸೀಮೆಯ ಸಂಗೀತ ಚರಿತ್ರೆಯ ಮುಖ್ಯ ಪಲ್ಲಟವೆನ್ನಬೇಕು.

ಮಂಡಳಿಯ ಲೆಕ್ಕಾಚಾರ

ಊರ ದೇವರ ಹೆಸರಿನ 'ಕೃಪಾಪೋಷಿತ ನಾಟಕ ಮಂಡಳಿ' ಈ ಚಟುವಟಿಕೆಯ ಘಟಕ. ಆಡುವ ನಾಟಕಗಳು ಹೆಚ್ಚಿನಂಶ 'ಕುರುಕ್ಷೇತ್ರ', 'ರಾಜಾ ಸತ್ಯವ್ರತ ಅಥವಾ ಶನಿಪ್ರಭಾವ', 'ಶ್ರೀಕೃಷ್ಣ ಸಂಧಾನ', 'ದಾನಶೂರ ಕರ್ಣ' ಮುಂತಾದವು. ಸುಗ್ಗಿ ಮುಗಿದ ಮೇಲೆ, ಜಾತ್ರೆಗಳ ಕಾಲದಲ್ಲಿ ಪ್ರದರ್ಶನ. ಅದಕ್ಕೂ ಕೆಲವು ತಿಂಗಳ ಮುಂಚಿನಿಂದ ರಾತ್ರಿಯ ತಾಲೀಮು. ನೋಡುವವರಿಗೆ ಟಿಕೆಟ್ಟಿಲ್ಲ. ಮೇಷ್ಟ್ರ ಸಂಭಾವನೆ, ಸೀನರಿ ಮತ್ತು ಉಡುಪಿನ ಬಾಡಿಗೆ, ಧ್ವನಿವರ್ಧಕ, ಸ್ತ್ರೀಪಾತ್ರಧಾರಿಗಳ ಸಂಭಾವನೆ ಎಲ್ಲವನ್ನೂ ಪಾತ್ರಧಾರಿಗಳೇ ಹೊರುತ್ತಾರೆ. ಹೆಚ್ಚು ಹಾಡುಗಳಿರುವ ಪಾತ್ರಕ್ಕೆ ಹೆಚ್ಚು ಹಣ. ವೃತ್ತಿ ರಂಗಭೂಮಿಯಲ್ಲಿ ದುರ್ಯೋಧನನಾದವನಿಗೆ ಸಂಬಳ ಸಿಗುತ್ತಿತ್ತು; ಇಲ್ಲಿ ದುರ್ಯೋಧನನಾಗಲು ಹಣ ಕಟ್ಟಬೇಕು.

ಈ ಲೆಕ್ಕಾಚಾರ ನಾಟಕದ ರೂಪವನ್ನೇ ಬದಲಿಸಿದೆ. ಕೃಷ್ಣ, ದುರ್ಯೋಧನರಂತಹ ಪಾತ್ರಗಳನ್ನು ದೃಶ್ಯಗಳಿಗೆ ಅನುಗುಣವಾಗಿ ಇಬ್ಬರು ಮೂವರಿಗೆ ಹಂಚುವ ರೂಢಿ ಬಂದದ್ದು ಖರ್ಚು ಹಂಚಿಕೆಯಾಗಲೆಂದು. ಪಾತ್ರದ ಏಕತೆ ಒಡೆಯಿತೆಂದು ವಿಮರ್ಶಕರು ಆಕ್ಷೇಪಿಸಬಹುದು. ಆದರೆ ಹಾಗೆ ಹಂಚದಿದ್ದರೆ ಕೂಲಿಕಾರನೊಬ್ಬ ಕೃಷ್ಣನಾಗುವುದು ಸಾಧ್ಯವಿರಲಿಲ್ಲ. ಪ್ರದರ್ಶನದ ನಡುವೆ ನೆಂಟರು ವೇದಿಕೆಗೆ ಬಂದು ಹಾರ ಹಾಕಿ, ಹಣವನ್ನೋ ಉಂಗುರವನ್ನೋ ಮುಯ್ಯಿ ಮಾಡುವುದೂ ಇದೇ ವ್ಯವಸ್ಥೆಯ ಭಾಗ. ಕಥೆಯ ಓಟಕ್ಕೆ ಅಡ್ಡಿಯೆಂದು ಕಾಣುವ ಇದು ವಾಸ್ತವವಾಗಿ ನೆಂಟರಿಷ್ಟರಲ್ಲಿ ಸುತ್ತುವ ಸಾಲ. ಇಂದು ಪಡೆದವನು ನಾಳೆ ಅವರ ನಾಟಕದಲ್ಲಿ ಹಿಂದಿರುಗಿಸಬೇಕು.

ಈ ಸ್ವಾತಂತ್ರ್ಯವನ್ನು ವೈಭವೀಕರಿಸುವಂತಿಲ್ಲ. ಪಾತ್ರದ ಖರ್ಚು ಸಾಲವಾಗಿ ಮನೆಗೆ ತಗಲುವುದುಂಟು. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಗಳಿಗೆ ಹೊರಗಿನಿಂದ ವೃತ್ತಿ ಕಲಾವಿದೆಯರು ಒಂದು ರಾತ್ರಿಯ ಸಂಭಾವನೆಗೆ ಬರುತ್ತಾರೆ. ಊರಿನ ಹೆಣ್ಣುಮಕ್ಕಳು ಪ್ರೇಕ್ಷಕರು ಮಾತ್ರ. ಸೋಬಾನೆ ಹಾಡುವ ದನಿಗಳಿಗೆ ಈ ರಂಗದಲ್ಲಿ ಜಾಗವಿಲ್ಲ. ಜಾತಿಯ ದೃಷ್ಟಿಯಿಂದ ಚಿತ್ರ ಬೇರೆ ರೀತಿಯದು. ಊರಹಬ್ಬದಲ್ಲಿ ತಮಟೆಯ ಸೇವೆಗೆ ಮಾತ್ರ ಕರೆಯಲ್ಪಡುತ್ತಿದ್ದ ಸಮುದಾಯಗಳ ಯುವಕರು ತಮ್ಮದೇ ಮಂಡಳಿ ಕಟ್ಟಿ ಕಿರೀಟ ತೊಟ್ಟು ಸಿಂಹಾಸನದ ಮೇಲೆ ಕುಳಿತು ಹಾಡುವಾಗ, ಆ ಹಾಡು ಮನರಂಜನೆಗಿಂತ ಹೆಚ್ಚಿನದಾಗುತ್ತದೆ. ವಾದ್ಯ ಹಂಚಿಕೆಯಲ್ಲಿದ್ದ ಮೇಲುಕೀಳನ್ನು ಅವರು ಹಣ ಕೊಟ್ಟು ದಾಟಿದ್ದಾರೆ.

ಮೇಷ್ಟ್ರು

ಇಡೀ ವ್ಯವಸ್ಥೆಯ ಕೇಂದ್ರ ಹಾರ್ಮೋನಿಯಂ ಮೇಷ್ಟ್ರು. ಸಂಗೀತ ನಿರ್ದೇಶನ, ಪಾಠ, ಉಚ್ಚಾರಣೆ, ನಟನೆ ಎಲ್ಲವೂ ಅವರದೇ ಹೊಣೆ. ಪಾತ್ರಕ್ಕೆ ಬಂದವನ ಕಂಠವನ್ನು ಮೊದಲು ಪರೀಕ್ಷಿಸಿ, ಅವನ ಶ್ರುತಿ ಎಷ್ಟು 'ಮನೆ' ಎಂದು ಗುರುತಿಸುತ್ತಾರೆ. ಆಮೇಲೆ ಸಾಲು ಸಾಲಾಗಿ ಹೇಳಿಕೊಟ್ಟು ಒಪ್ಪಿಸಿಕೊಳ್ಳುತ್ತಾರೆ. ಸ್ವರ ಪ್ರಸ್ತಾರದ ಪಾಠವಿಲ್ಲ, ವರ್ಣ ಕೀರ್ತನೆಗಳ ಕ್ರಮವಿಲ್ಲ. ಓದು ಬಾರದವನೂ ಹೀಗೆ ಮೋಹನ, ಕಲ್ಯಾಣಿ, ಭೀಮ್‌ಪಲಾಸ್‌ಗಳ ನಡೆಯನ್ನು ಕಿವಿಯಿಂದ ಹಿಡಿಯುತ್ತಾನೆ. ಕರ್ನಾಟಕ ಮತ್ತು ಹಿಂದೂಸ್ತಾನಿ ರಾಗಗಳು ಒಂದೇ ನಾಟಕದಲ್ಲಿ ಬೆರೆಯುವುದು ಮರಾಠಿ ನಾಟಕಗಳ ಪ್ರಭಾವದಿಂದ ಕಂಪನಿಗಳಿಗೆ ಬಂದ ಗುಣ. ಹಳೆಯ ಹಾಡಿನ ಮಟ್ಟಿಗೆ ಹೊಸ ಸಾಹಿತ್ಯ ಕೂಡಿಸುವುದೂ, ಚಿತ್ರಗೀತೆಯ ಧಾಟಿಯನ್ನು ಎತ್ತಿಕೊಳ್ಳುವುದೂ ಇಲ್ಲಿ ದೋಷವಲ್ಲ. ಈ ಸಂಗೀತದ ಸ್ವಾತಂತ್ರ್ಯವನ್ನು ಧಾಟಿಯ ಸ್ವಂತಿಕೆಯಲ್ಲಿ ಹುಡುಕುವುದು ಸರಿಯಾಗಲಾರದು. ಅದು ಆಯ್ಕೆಯ ಅಧಿಕಾರದಲ್ಲಿದೆ.

ಈ ಮೇಷ್ಟ್ರುಗಳ ವಾದ್ಯವನ್ನು ಆಕಾಶವಾಣಿ 1940ರ ಮಾರ್ಚ್‌ನಿಂದ ನಿಷೇಧಿಸಿತ್ತು. ಗಮಕಗಳನ್ನು ನುಡಿಸಲಾರದ ವಿದೇಶಿ ವಾದ್ಯವೆಂಬುದು ಆಕ್ಷೇಪ. ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಹಳ್ಳಿಗಳಲ್ಲಿ ಹಾರ್ಮೋನಿಯಂ ಮನೆಮಾತಾಗಿದ್ದ ಮೂರು ದಶಕಗಳ ಕಾಲ ನಾಡಿನ ಅತಿ ದೊಡ್ಡ ಧ್ವನಿಸಂಗ್ರಾಹಕ ಸಂಸ್ಥೆಯಲ್ಲಿ ಅದಕ್ಕೆ ಪ್ರವೇಶವಿರಲಿಲ್ಲ. ಆ ಪೀಳಿಗೆಯ ಮೇಷ್ಟ್ರುಗಳ ಸಂಗೀತವನ್ನು ಇಂದು ಕೇಳಲು ಹೊರಟವರಿಗೆ ಈ ಕೊರತೆಯ ಅರಿವಾಗುತ್ತದೆ.

ಕಂದವೆಂಬ ಹೆಸರು

ಕನ್ನಡ ಅಧ್ಯಾಪಕರಿಗೆ ಹೆಚ್ಚು ಪ್ರಸ್ತುತವಾದುದು ಕಂದಪದ್ಯದ ವಿಚಾರ. ಮಾತಿನ ನಡುವೆ ಪಾತ್ರಧಾರಿ ತಾಳವಿಲ್ಲದೆ ರಾಗದಲ್ಲಿ ಪದ್ಯವೊಂದನ್ನು ವಿಸ್ತರಿಸುತ್ತಾನೆ. ಹಾರ್ಮೋನಿಯಂ ಅವನನ್ನು ಹಿಂಬಾಲಿಸುತ್ತದೆ. ಕೊನೆಯ ಸ್ವರದ ಮೇಲೆ ನಿಂತಾಗ ಪ್ರೇಕ್ಷಕರು 'ಒನ್ಸ್‌ಮೋರ್' ಎನ್ನುತ್ತಾರೆ. ಛಂದಶ್ಶಾಸ್ತ್ರದಲ್ಲಿ ಕಂದವೆಂದರೆ ನಾಲ್ಕು ಮಾತ್ರೆಯ ಗಣಗಳು ಒಂದು ಮತ್ತು ಮೂರನೆಯ ಪಾದಗಳಲ್ಲಿ ಮೂರು, ಎರಡು ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಬರುವ ಪದ್ಯ. ರಂಗದ ಮೇಲೆ ಈ ಹೆಸರು ಸಡಿಲವಾಗಿದೆ. ಕಂದದ ಜೊತೆಗೆ ವೃತ್ತ, ಷಟ್ಪದಿ, ನಿಯತ ಗಣವಿಲ್ಲದ ನುಡಿಗಳೂ 'ಕಂದ'ವೆನಿಸಿಕೊಳ್ಳುತ್ತವೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಇಲ್ಲಿ 'ಕಂದ' ಎಂಬುದು ಗಣವಿನ್ಯಾಸದ ಹೆಸರಾಗಿ ಉಳಿಯದೆ ಹಾಡುವ ವಿಧಾನದ ಹೆಸರಾಗಿದೆ. ತಾಳದ ಕಟ್ಟಿಲ್ಲದೆ, ಅರ್ಥದ ಒತ್ತನ್ನು ಅನುಸರಿಸಿ ಪದ್ಯವನ್ನು ದನಿಗೆ ತರುವುದೇ ಆ ವಿಧಾನ. ಗಮಕಿಗಳು ಕಾವ್ಯವಾಚನದಲ್ಲಿ ಮಾಡುವುದೂ ಇದನ್ನೇ. ಗಮಕಿ ಕಾವ್ಯದ ಹೊರಗೆ ನಿಂತು ಓದಿದರೆ ಇವನು ಪಾತ್ರದ ಒಳಗೆ ನಿಂತು ಹಾಡುತ್ತಾನೆ.

ತರಗತಿಯಲ್ಲಿ ಕಂದ ಎಂದರೆ ಕರಿಹಲಗೆಯ ಮೇಲಿನ ಲಘುಗುರು ಚಿಹ್ನೆಗಳು. ರನ್ನನ 'ಗದಾಯುದ್ಧ'ದ ದುರ್ಯೋಧನನನ್ನು ಪಠ್ಯದಲ್ಲಿ ಓದುವ ವಿದ್ಯಾರ್ಥಿಯ ಊರಿನಲ್ಲೇ ಕಾಯಿ ಸುಲಿಯುವ ವ್ಯಕ್ತಿಯೊಬ್ಬ ದುರ್ಯೋಧನನ ಪದ್ಯಗಳನ್ನು ರಾಗದಲ್ಲಿ ಹಾಡಬಲ್ಲವನಾಗಿರುವುದು ಅಪರೂಪವಲ್ಲ. ಈ ಎರಡು ವಿದ್ಯೆಗಳು ಪರಸ್ಪರ ಭೇಟಿಯಾಗದಿರುವುದು ಕನ್ನಡ ಬೋಧನೆಗೆ ಆಗಿರುವ ನಷ್ಟ.

ವರ್ಗೀಕರಣದ ತೊಡಕು

ಇಷ್ಟಾದರೂ ಈ ಸಂಗೀತ ಅಧ್ಯಯನದ ಅಂಚಿನಲ್ಲಿಯೇ ಉಳಿದಿರುವುದಕ್ಕೆ ವರ್ಗೀಕರಣವೇ ಕಾರಣ. ಮುದ್ರಿತ ಪುಸ್ತಕ, ಗೊತ್ತಿರುವ ಕರ್ತೃ, ಶಾಸ್ತ್ರೀಯ ರಾಗಗಳು ಇರುವುದರಿಂದ ಜಾನಪದ ವಿದ್ವಾಂಸರು ಇದನ್ನು ತಮ್ಮದೆನ್ನಲಿಲ್ಲ. ಶಾಸ್ತ್ರೀಯ ಶಿಸ್ತು ಇಲ್ಲವೆಂದು ಸಂಗೀತ ವಿದ್ವಾಂಸರು ಪರಿಗಣಿಸಲಿಲ್ಲ. ರಂಗಭೂಮಿಯ ಚರಿತ್ರಕಾರರು ಕಂಪನಿಗಳ ಅವನತಿಯೊಂದಿಗೆ ಅಧ್ಯಾಯವನ್ನು ಮುಗಿಸಿ ಆಧುನಿಕ ಹವ್ಯಾಸಿ ರಂಗಭೂಮಿಗೆ ದಾಟಿದರು. ಕಂಪನಿಯ ನಂತರವೂ ಹಳ್ಳಿಗಳಲ್ಲಿ ಮುಂದುವರಿದ ಚರಿತ್ರೆ ಹೀಗೆ ಯಾರದೂ ಆಗದೆ ಹೋಯಿತು.

ಆಕರಗಳು ಮಾತ್ರ ಕೈಗೆಟಕುವಂತಿವೆ. ಪ್ರತಿ ನಾಟಕಕ್ಕೂ ಅಚ್ಚಾಗುವ ಕರಪತ್ರದಲ್ಲಿ ದಿನಾಂಕ, ಊರು, ಮಂಡಳಿ, ಮೇಷ್ಟ್ರು, ಪಾತ್ರಧಾರಿಗಳು, ದಾನಿಗಳ ಹೆಸರುಗಳಿರುತ್ತವೆ. ಒಂದು ತಾಲ್ಲೂಕಿನ ಕರಪತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಆ ತಾಲ್ಲೂಕಿನ ರಂಗಚರಿತ್ರೆಯೇ ದೊರೆಯುತ್ತದೆ. ಪಾತ್ರಧಾರಿಗಳು ಹಾಡುಗಳನ್ನು ಬರೆದುಕೊಂಡ ನೋಟ್‌ಪುಸ್ತಕಗಳನ್ನು ಮುದ್ರಿತ ಪಠ್ಯದೊಡನೆ ಹೋಲಿಸಿದರೆ ಮೇಷ್ಟ್ರು ಮಾಡಿದ ಮಾರ್ಪಾಡುಗಳು ತಿಳಿಯುತ್ತವೆ. ಇವೆರಡಕ್ಕಿಂತ ತುರ್ತಾದುದು ಹಿರಿಯ ಮೇಷ್ಟ್ರುಗಳ ಪಾಠಕ್ರಮದ ಧ್ವನಿಮುದ್ರಣ. ಪ್ರದರ್ಶನಕ್ಕಿಂತ ತಾಲೀಮನ್ನು ಮುದ್ರಿಸಿಕೊಳ್ಳುವುದು ಮುಖ್ಯ. ರಾಗವೊಂದು ಓದು ಬಾರದ ಕಂಠಕ್ಕೆ ದಾಟುವ ಬಗೆ ಅಲ್ಲಿಯೇ ಕಾಣಸಿಗುವುದು. ಕೀಬೋರ್ಡು, ರಿದಮ್ ಪ್ಯಾಡುಗಳು ಹಾರ್ಮೋನಿಯಂ, ತಬಲಾಗಳ ಜಾಗವನ್ನು ಆಕ್ರಮಿಸುತ್ತಿರುವ ಈ ಹೊತ್ತಿನಲ್ಲಿ ಪ್ರತಿ ಹಿರಿಯ ಮೇಷ್ಟ್ರ ನಿಧನದೊಂದಿಗೆ ನೂರಾರು ಮಟ್ಟುಗಳು ಇಲ್ಲವಾಗುತ್ತವೆ. ತಾಲ್ಲೂಕು ಕೇಂದ್ರಗಳ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ವಿದ್ಯಾರ್ಥಿಗಳ ಊರುಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು.