ಕಾರಾಪುರದ ಕಾಡಂಚಿನ ಬಿಡಾರ

ಖಾಸಗಿ ವನ್ಯಧಾಮವೆಂದರೆ ಒಬ್ಬ ವ್ಯಕ್ತಿ, ಕುಟುಂಬ ಅಥವಾ ಕಂಪನಿ ತನ್ನ ಒಡೆತನದ ವಿಶಾಲ ಭೂಮಿಯನ್ನು ಕಾಡುಪ್ರಾಣಿಗಳಿಗೆ ಬಿಟ್ಟು, ಅವುಗಳನ್ನು ನೋಡಲು ಬರುವ ಅತಿಥಿಗಳ ಹಣದಿಂದಲೇ ಆ ಭೂಮಿಯನ್ನು ಕಾಪಾಡಿಕೊಳ್ಳುವ ಏರ್ಪಾಡು. ದಕ್ಷಿಣ ಆಫ್ರಿಕಾದಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಮಗ್ಗುಲಿಗಿರುವ ಸಾಬಿ ಸ್ಯಾಂಡ್ ಇದಕ್ಕೆ ಪ್ರಸಿದ್ಧ ನಿದರ್ಶನವಾಗಿದ್ದು, ಅಲ್ಲಿನ ಮಾಲಾಮಾಲಾ, ಲಂಡೊಲೋಜಿ ಮುಂತಾದ ವಸತಿಗೃಹಗಳು ಒಂದು ಕಾಲದ ಬೇಟೆಯ ಜಮೀನುಗಳಲ್ಲೇ ತಲೆಯೆತ್ತಿದವು. ಆ ದೇಶದಲ್ಲಿ 1991ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಸರಿಯಾಗಿ ಬೇಲಿ ಹಾಕಿದ ಭೂಮಿಯೊಳಗಿನ ವನ್ಯಮೃಗದ ಮೇಲೆ ಭೂಮಾಲೀಕನಿಗೆ ಒಡೆತನದ ಹಕ್ಕಿದೆ. ಆದ್ದರಿಂದ ಅಲ್ಲಿನ ಅತಿಥಿಗೆ ಕೋಣೆ, ಊಟ, ಜೀಪು, ಕಾಡು, ಅದರಲ್ಲಿ ಓಡಾಡುವ ಮೃಗ ಎಲ್ಲವೂ ಒಬ್ಬನೇ ಯಜಮಾನನ ಕೈಯಿಂದ ಒದಗುತ್ತವೆ.

ಭಾರತದಲ್ಲಿ ಇಂತಹ ವ್ಯವಸ್ಥೆಗೆ ಕಾನೂನಿನಲ್ಲಿ ಎಡೆಯಿಲ್ಲ. ದೊಡ್ಡಬಳ್ಳಾಪುರದ ಮಾಕಳಿದುರ್ಗದ ತಪ್ಪಲಿನಲ್ಲೋ ನೆಲಮಂಗಲದ ಶಿವಗಂಗೆಯ ಸುತ್ತಿನಲ್ಲೋ ನೂರು ಎಕರೆ ತೋಟವುಳ್ಳ ಜಮೀನ್ದಾರನೊಬ್ಬನಿದ್ದು, ಅವನ ತೋಟದಲ್ಲಿ ಚಿರತೆಯೊಂದು ಮರಿ ಹಾಕಿತೆಂದು ಇಟ್ಟುಕೊಂಡರೂ, ಅದನ್ನು ಹಿಡಿಯುವ, ಸಾಕುವ, ಮಾರುವ, ಕೊಲ್ಲುವ ಯಾವ ಅಧಿಕಾರವೂ ಅವನಿಗಿರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ, ಅದು ಸತ್ತು ಬಿದ್ದರೂ ಕಳೇಬರ ಸರ್ಕಾರದ ಸ್ವತ್ತು. ಬೋನಿಡಲು ಬರುವವರೂ ಅರಣ್ಯ ಇಲಾಖೆಯವರೇ. ಈ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ‘ಸಮುದಾಯ ಮೀಸಲು’ ಎಂಬ ಹೊಸ ವರ್ಗವನ್ನು ಸೇರಿಸಿ, ಊರವರು ಅಥವಾ ಖಾಸಗಿ ಭೂಮಾಲೀಕರು ತಾವಾಗಿ ಮುಂದೆ ಬಂದರೆ ಅವರ ಭೂಮಿಗೆ ಸಂರಕ್ಷಣೆಯ ಮನ್ನಣೆ ಕೊಡಲು ದಾರಿ ತೆರೆಯಿತಾದರೂ ಪ್ರಾಣಿಯ ಒಡೆತನವನ್ನು ಯಾರಿಗೂ ಕೊಡಲಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಈ ಮನ್ನಣೆ ಪಡೆಯಿತು. ಖಾಸಗಿ ವನ್ಯಧಾಮದ ಕಲ್ಪನೆಗೆ ಕರ್ನಾಟಕದಲ್ಲಿ ಅತಿ ಸಮೀಪವಾದದ್ದೆಂದರೆ ದಕ್ಷಿಣ ಕೊಡಗಿನಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಿಂದ ತುಂಡುತುಂಡಾಗಿ ಪಾಳು ತೋಟಗಳನ್ನು ಕೊಂಡು, ಸುಮಾರು 300 ಎಕರೆಯಷ್ಟನ್ನು ತಾನಾಗಿ ಕಾಡಾಗಲು ಬಿಟ್ಟ ಸಾಯಿ ಅಭಯಾರಣ್ಯ. ಅಲ್ಲಿಯೂ ಆನೆ ಬ್ರಹ್ಮಗಿರಿಯ ಕಾಡಿನಿಂದ ತನ್ನಿಚ್ಛೆಯಂತೆ ಬಂದು ಹೋಗುವ ಅತಿಥಿಯೇ ಹೊರತು ದಂಪತಿಯ ಆಸ್ತಿಯಾಗಿರಲಿಲ್ಲ.

ಹಾಗಾದರೆ ಕಾಡಿನಂಚಿನಲ್ಲಿ ಉಳಿದು, ಬೆಳಗು ಬೈಗು ಸಫಾರಿಗೆ ಹೋಗುವ ಐಷಾರಾಮಿ ವಾಸ್ತವ್ಯ ಕರ್ನಾಟಕದಲ್ಲಿ ಬೆಳೆದ ಬಗೆ ಹೇಗೆ? ಅದನ್ನು ಮೊದಲು ಕಟ್ಟಿದ್ದು ಯಾವ ಶ್ರೀಮಂತನೂ ಅಲ್ಲ, ಸರ್ಕಾರ ಎಂಬುದು ಗಮನಾರ್ಹ. ಆರ್. ಗುಂಡೂರಾಯರು ಮುಖ್ಯಮಂತ್ರಿಯಾದ 1980ರಲ್ಲಿ, ನೇಪಾಳದ ಚಿತ್ವನ್ ಕಾಡಿನಲ್ಲಿ ಹೆಸರು ಮಾಡಿದ್ದ ಟೈಗರ್ ಟಾಪ್ಸ್ ಸಂಸ್ಥೆಯೊಡನೆ ಸೇರಿ ರಾಜ್ಯ ಸರ್ಕಾರವು ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಎಂಬ ಜಂಟಿ ಉದ್ಯಮವನ್ನು ಸ್ಥಾಪಿಸಿತು. ಇದರ ಮೊದಲ ನೆಲೆಯೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿರುವ ಕಬಿನಿ ರಿವರ್ ಲಾಡ್ಜ್. 1987ರಲ್ಲಿ ಟೈಗರ್ ಟಾಪ್ಸ್ ತನ್ನ ಪಾಲನ್ನು ಬಿಟ್ಟುಕೊಟ್ಟಾಗ ಸಂಸ್ಥೆ ಪೂರ್ಣವಾಗಿ ಸರ್ಕಾರದ್ದಾಯಿತು. ಆದರೆ ಟೈಗರ್ ಟಾಪ್ಸ್ ಬಳಗದಿಂದ ಬಂದ ಕರ್ನಲ್ ಜಾನ್ ವೇಕ್‌ಫೀಲ್ಡ್ ಕಾರಾಪುರದಲ್ಲೇ ಉಳಿದರು. 1916ರಲ್ಲಿ ಬಿಹಾರದ ಗಯಾದಲ್ಲಿ ಹುಟ್ಟಿ, ಎಳವೆಯಲ್ಲೇ ಬೇಟೆ ಕಲಿತು, ಸೈನ್ಯದಲ್ಲಿ ದುಡಿದು, ನಡುವಯಸ್ಸು ದಾಟಿದ ಮೇಲೆ ಕೋವಿ ಬಿಟ್ಟು ಕಾಡು ತೋರಿಸುವ ಕಸುಬಿಗೆ ಇಳಿದ ಅವರನ್ನು ಸಿಬ್ಬಂದಿಯೂ ಅತಿಥಿಗಳೂ ‘ಪಾಪಾ’ ಎಂದೇ ಕರೆಯುತ್ತಿದ್ದರು. ಅವರು 2010ರಲ್ಲಿ ತೀರಿಕೊಂಡದ್ದೂ ಕಬಿನಿಯಲ್ಲೇ.

ಕಾರಾಪುರವನ್ನು ಆರಿಸಿಕೊಂಡದ್ದು ಆಕಸ್ಮಿಕವೇನಲ್ಲ. ಈ ಪ್ರದೇಶ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. ಗಣ್ಯ ಅತಿಥಿಗಳಿಗಾಗಿ ಕಟ್ಟಿದ ಮಹಾರಾಜ ಬಂಗಲೆ ಮತ್ತು ವೈಸ್‌ರಾಯ್ ಬಂಗಲೆಗಳು ಇಂದಿಗೂ ವಸತಿಗೃಹದ ಆವರಣದಲ್ಲಿವೆ. ಹತ್ತಿರದ ಕಾಕನಕೋಟೆಯಲ್ಲಿ ನಡೆಯುತ್ತಿದ್ದ ಖೆಡ್ಡಾ ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿತ್ತು. ಖೆಡ್ಡಾ ಎಂದರೆ ಕಾಡಿನಲ್ಲಿ ಚದುರಿದ ಆನೆಹಿಂಡನ್ನು ನೂರಾರು ಮಂದಿ ಸೋವುಗಾರರು ತಮಟೆ, ಪಂಜುಗಳಿಂದ ಬೆದರಿಸುತ್ತ ಹಲವು ದಿನಗಳ ಕಾಲ ಒಂದೇ ದಿಕ್ಕಿಗೆ ಅಟ್ಟಿ, ಕಡೆಗೆ ನದಿಗಿಳಿಸಿ ಹಾಯಿಸಿ, ಆಚೆ ದಡದಲ್ಲಿ ದಿಮ್ಮಿಗಳಿಂದ ಕಟ್ಟಿದ ಆವರಣದೊಳಗೆ ಕೂಡಿಹಾಕುವ ವಿಧಾನ. ಆನೆಯ ಜಾಡು ಹಿಡಿಯುವ ಕೆಲಸ ಜೇನುಕುರುಬ, ಬೆಟ್ಟಕುರುಬರದು. ಅಟ್ಟಣೆಯಲ್ಲಿ ಕೂತು ನೋಡುವ ಭಾಗ್ಯ ದೊರೆಗಳ ಅತಿಥಿಗಳದು. ಇಂದಿನ ಸಫಾರಿಯಲ್ಲಿಯೂ ದುಡಿಮೆಯ ಈ ಹಂಚಿಕೆ ಅಷ್ಟೇನೂ ಬದಲಾಗಿಲ್ಲವೆಂದು ಹೇಳಬಹುದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡಾಗ ಖೆಡ್ಡಾದ ಮೈದಾನವೂ ಹಲವು ಹಳ್ಳಿಗಳೂ ನೀರಿನಡಿ ಸೇರಿದವು.

ವಿಚಿತ್ರವೆಂದರೆ, ಕಾಡು ಮುಳುಗಿಸಿದ ಆ ಅಣೆಕಟ್ಟೇ ಕಬಿನಿಯ ವಸತಿಗೃಹಗಳಿಗೆ ಅನ್ನದ ದಾರಿಯಾಯಿತು. ಜಲಾಶಯದ ಹಿನ್ನೀರು ಒಂದು ಬದಿಯಲ್ಲಿ ನಾಗರಹೊಳೆ, ಇನ್ನೊಂದು ಬದಿಯಲ್ಲಿ ಬಂಡೀಪುರ, ಈ ಎರಡು ಹುಲಿ ಮೀಸಲುಗಳ ನಡುವೆ ಹರಡಿಕೊಂಡಿದೆ. ಮಳೆಗಾಲದಲ್ಲಿ ತುಂಬಿದ ನೀರನ್ನು ಕೆಳಗಿನ ಗದ್ದೆಗಳಿಗೆ ಹರಿಸುತ್ತ ಹೋದಂತೆ ಬೇಸಿಗೆಯ ಹೊತ್ತಿಗೆ ಹಿನ್ನೀರು ಹಿಂದೆ ಸರಿದು, ಮೆಕ್ಕಲುಮಣ್ಣಿನ ಅಗಲವಾದ ದಂಡೆ ಬಯಲಾಗುತ್ತದೆ; ತೇವ ಆರದ ಆ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಅದೇ ಹೊತ್ತಿಗೆ ಒಳಗಾಡಿನ ಕೆರೆಕಟ್ಟೆಗಳು ಬತ್ತಿ, ಎಲೆಯುದುರುವ ಮರಗಳು ಬೋಳಾಗಿ ನಿಂತಿರುವುದರಿಂದ, ಮಾರ್ಚಿಯಿಂದ ಮೇ ತಿಂಗಳವರೆಗೆ ಸುತ್ತಲಿನ ಕಾಡುಗಳ ಆನೆಗಳು ನೀರೂ ಮೇವೂ ಒಂದೇ ಕಡೆ ಸಿಗುವ ಈ ದಂಡೆಗೆ ಇಳಿದು ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಲೆಯುವ ತಾಣ ಮತ್ತೊಂದಿಲ್ಲವೆಂಬ ಖ್ಯಾತಿ ಕಬಿನಿಗಿದೆ. ಮುಂಗಾರು ಬಿದ್ದು ಕಾಡು ಹಸಿರಾದೊಡನೆ ಹಿಂಡುಗಳು ಚದುರುತ್ತವೆ, ದಂಡೆಯೂ ಮತ್ತೆ ಮುಳುಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ರಿಯಾಯಿತಿ ದರ ನೋಡಿ ಕೋಣೆ ಹಿಡಿದವರು, ಆನೆಯ ಜಾತ್ರೆ ಕಾಣಲಿಲ್ಲವೆಂದು ಮುನಿಸಿಕೊಳ್ಳುವುದು ನ್ಯಾಯವಲ್ಲ.

ವಸತಿಗೃಹದ ದಿನಚರಿ ಟೈಗರ್ ಟಾಪ್ಸ್ ಕಾಲದಿಂದ ಬಂದ ಅಚ್ಚಿನಲ್ಲೇ ನಡೆಯುತ್ತದೆ. ಕೋಣೆಯ ಬಾಡಿಗೆ, ಊಟತಿಂಡಿ, ಸಫಾರಿ, ಕಾಡಿನ ಪ್ರವೇಶಶುಲ್ಕ ಎಲ್ಲವನ್ನೂ ಸೇರಿಸಿ ತಲೆಗಿಷ್ಟೆಂದು ಒಂದೇ ದರ ನಿಗದಿಯಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಂದ ಅತಿಥಿ ಗೋಲ್ ಘರ್ ಎಂದು ಕರೆಯುವ, ಸುತ್ತಲೂ ತೆರೆದ ದುಂಡನೆಯ ಊಟದ ಮನೆಯಲ್ಲಿ ಉಂಡು, ಸಂಜೆಯ ಸಫಾರಿಗೆ ಹೊರಡುತ್ತಾನೆ. ಕತ್ತಲಾದ ಮೇಲೆ ವನ್ಯಜೀವಿ ಚಿತ್ರಪ್ರದರ್ಶನ, ಬೆಂಕಿಯ ಸುತ್ತ ಹರಟೆ, ಊಟ. ನಸುಕಿನಲ್ಲಿ ಬಾಗಿಲು ತಟ್ಟಿ ಎಬ್ಬಿಸಿ ಚಹಾ, ಮತ್ತೆ ಸಫಾರಿ, ತಿಂಡಿ, ನಿರ್ಗಮನ. ಇಪ್ಪತ್ತನಾಲ್ಕು ಗಂಟೆಯೂ ತುಂಬದ ಈ ವಾಸ್ತವ್ಯದಲ್ಲಿ ಕೋಣೆಯ ಸುಖ ಅನುಭವಿಸಲು ಸಿಗುವ ಬಿಡುವು ಕಡಿಮೆ.

ಇಡೀ ಏರ್ಪಾಡಿನ ಕಸುಬುದಾರಿಕೆ ಇರುವುದು ನ್ಯಾಚುರಲಿಸ್ಟ್ ಎಂದು ಕರೆಯಲಾಗುವ ಕಾಡಿನ ಮಾರ್ಗದರ್ಶಿಯಲ್ಲಿ. ಅವನು ಹುಲಿಯನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಕಿವಿಯಿಂದ ಹುಡುಕುವುದೇ ಹೆಚ್ಚು. ಮಣ್ಣುದಾರಿಯ ಧೂಳಿನಲ್ಲಿ ಹೊಸ ಹೆಜ್ಜೆಗುರುತು ಕಂಡೊಡನೆ ಚಾಲಕನಿಗೆ ಸನ್ನೆ ಮಾಡಿ ಎಂಜಿನ್ ಆರಿಸಿ, ಮಾತು ನಿಲ್ಲಿಸಿ ಕಾಯುತ್ತಾನೆ. ಜಿಂಕೆ ಒಮ್ಮೆ ಕೂಗಿದರೆ ಅದನ್ನು ಅಷ್ಟಾಗಿ ನಂಬುವುದಿಲ್ಲ, ಏಕೆಂದರೆ ಜಿಂಕೆ ಸಣ್ಣಪುಟ್ಟದ್ದಕ್ಕೂ ಬೆದರುವ ಪ್ರಾಣಿ. ಮರದ ತುದಿಯಿಂದ ಮುಸುವ ಕೆಮ್ಮಿದಂತೆ ಗದರಿಸತೊಡಗಿದರೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆಯೆಂದು ನೋಡುತ್ತಾನೆ. ಆದರೆ ಕಡವೆ ಬಾಲವೆತ್ತಿ, ಮುಂಗಾಲಿನಿಂದ ನೆಲ ಬಡಿಯುತ್ತ, ಬಿಟ್ಟುಬಿಟ್ಟು ಗಟ್ಟಿಯಾಗಿ ಕೂಗುತ್ತಲೇ ಇದ್ದರೆ, ಹುಲಿಯೋ ಚಿರತೆಯೋ ಅದರ ಕಣ್ಣಳತೆಯಲ್ಲೇ ಇದೆಯೆಂದು ತೀರ್ಮಾನಿಸಿ, ಮೃಗ ದಾರಿ ದಾಟಬಹುದಾದ ಜಾಗವನ್ನು ಊಹಿಸಿ ಜೀಪನ್ನು ಅಲ್ಲಿ ತಂದು ನಿಲ್ಲಿಸುತ್ತಾನೆ. ದೋಣಿ ಸಫಾರಿಯಲ್ಲಿ ಇಷ್ಟೊಂದು ತರ್ಕದ ಅಗತ್ಯವಿಲ್ಲ. ನಿಂತ ಒಣಮರಗಳ ಮೇಲೆ ರೆಕ್ಕೆ ಒಣಗಿಸಿಕೊಳ್ಳುವ ನೀರುಕಾಗೆಗಳು, ದಡದಲ್ಲಿ ಬಾಯ್ದೆರೆದ ಮೊಸಳೆ, ಮೇಯುವ ಆನೆ ನಿಧಾನವಾಗಿ ಕಣ್ಣೆದುರು ಸರಿದುಹೋಗುತ್ತವೆ. ಈಚಿನ ವರ್ಷಗಳಲ್ಲಿ ಕ್ಯಾಮೆರಾ ಹೊತ್ತವರೆಲ್ಲರೂ ಕರಿಚಿರತೆಯೊಂದನ್ನೇ ಕೇಳುವುದರಿಂದ ಉಳಿದ ಪ್ರಾಣಿಗಳಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತಿಲ್ಲ. ಕರಿಚಿರತೆ ಬೇರೆ ಜಾತಿಯಲ್ಲ, ಮೈಬಣ್ಣದ ದ್ರವ್ಯ ಹೆಚ್ಚಾಗಿ ಹುಟ್ಟಿದ ಸಾಮಾನ್ಯ ಚಿರತೆಯೇ.

ಸರ್ಕಾರಿ ಲಾಡ್ಜಿನ ಯಶಸ್ಸು ಕಂಡು ಹಿನ್ನೀರಿನ ಸುತ್ತ ಖಾಸಗಿ ರೆಸಾರ್ಟುಗಳು ಬಂದವು. ಮೊದಲು ಆರೆಂಜ್ ಕೌಂಟಿ ಎಂದಿದ್ದು ಈಗ ಎವಾಲ್ವ್ ಬ್ಯಾಕ್ ಎಂದು ಕರೆಸಿಕೊಳ್ಳುವ ರೆಸಾರ್ಟು ಕಾಡುಕುರುಬರ ಹಾಡಿಯ ಮಾದರಿಯಲ್ಲಿ ಹುಲ್ಲಿನ ಛಾವಣಿಯ ಗುಡಿಸಲುಗಳನ್ನು ಕಟ್ಟಿ, ಒಳಗೆ ಆಯಾ ಅತಿಥಿಗೆ ಮೀಸಲಾದ ಈಜುಕೊಳ ಒದಗಿಸಿದೆ. ನೋಡಲು ಸೊಗಸಾದ ಕೆಲಸ. ಆದರೆ ಆ ಮಾದರಿಯನ್ನು ಕೊಟ್ಟ ಹಾಡಿಗಳ ಜನ ಕಾಡಿನೊಳಗಿನ ತಮ್ಮ ಮೂಲನೆಲೆಗಾಗಿ ದಶಕಗಳಿಂದ ಹೋರಾಡುತ್ತಿರುವುದನ್ನು ಬಲ್ಲವರಿಗೆ ಅದು ಸ್ವಲ್ಪ ಮುಜುಗರದ ಸೊಗಸು. ಇಷ್ಟೆಲ್ಲ ವೈಭವವಿದ್ದರೂ ಖಾಸಗಿ ರೆಸಾರ್ಟು ತನ್ನ ಸ್ವಂತ ಜೀಪಿನಲ್ಲಿ ಅತಿಥಿಯನ್ನು ಹುಲಿ ನೋಡಲು ಒಯ್ಯುವಂತಿಲ್ಲ. ಅಲ್ಲಿನ ಅತಿಥಿಗಳೂ ಜಂಗಲ್ ಲಾಡ್ಜಸ್‌ನ ವಾಹನವನ್ನೇ ಏರಬೇಕು. ಎಷ್ಟೇ ಬೆಲೆಯ ಕೋಣೆಯಲ್ಲಿ ಇಳಿದುಕೊಂಡರೂ ಕಾಡಿನ ಬಾಗಿಲಲ್ಲಿ ಎಲ್ಲರೂ ಸರ್ಕಾರದ ಪ್ರಯಾಣಿಕರೇ.

ಈ ಗಡಿ ಸುಲಭವಾಗಿ ನಿಂತದ್ದಲ್ಲ. 1990ರ ದಶಕದ ನಡುವಿನಲ್ಲಿ ನಾಗರಹೊಳೆಯ ಒಳಗೇ, ಮೂರ್ಕಲ್ಲು ಎಂಬಲ್ಲಿದ್ದ ಕಟ್ಟಡಗಳನ್ನು ರಾಜ್ಯ ಸರ್ಕಾರ ತಾಜ್ ಸಮೂಹದ ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟು, ಅಲ್ಲೊಂದು ಐಷಾರಾಮಿ ವಸತಿಗೃಹ ಸಿದ್ಧವಾಗತೊಡಗಿತ್ತು. ಸೌದೆ ಆರಿಸಿದರೆ ತಮ್ಮನ್ನು ತಡೆಯುವ ಕಾಡಿನಲ್ಲಿ ಹೋಟೆಲಿಗೆ ಜಾಗ ಹೇಗೆ ಸಿಕ್ಕಿತೆಂದು ಕೇಳಿ ಆದಿವಾಸಿಗಳು ಚಳವಳಿಗಿಳಿದರು. ನಾಗರಹೊಳೆ ಬುಡಕಟ್ಟು ಜನರ ಹಕ್ಕುಸ್ಥಾಪನಾ ಸಮಿತಿ ಹೈಕೋರ್ಟಿನ ಮೆಟ್ಟಿಲೇರಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಹೀಗೆ ಕೊಡುವಂತಿಲ್ಲವೆಂದು 1997ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ತೀರ್ಪಿತ್ತು, ಗುತ್ತಿಗೆಯನ್ನು ಅಕ್ರಮವೆಂದು ಸಾರಿತು. ಮುಂದೆ 2012ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹುಲಿ ಮೀಸಲುಗಳ ಒಡಲಿನಲ್ಲಿ ಪ್ರವಾಸೋದ್ಯಮವನ್ನೇ ತಾತ್ಕಾಲಿಕವಾಗಿ ತಡೆದು, ಅಕ್ಟೋಬರಿನಲ್ಲಿ ತಡೆ ತೆರವುಗೊಳಿಸುವಾಗ, ಈ ಒಡಲುಭಾಗದ ಶೇ. 20ಕ್ಕಿಂತ ಹೆಚ್ಚು ಪ್ರದೇಶ ಪ್ರವಾಸಕ್ಕೆ ಬಳಕೆಯಾಗಬಾರದೆಂಬ ಮಾರ್ಗಸೂಚಿ ಜಾರಿಗೆ ಬಂತು. ವಸತಿಗೃಹಗಳು ಮಾರುವ ಹುಲಿದರ್ಶನದ ಹಿಂದೆ ಕೆ.ಎಂ. ಚಿಣ್ಣಪ್ಪನವರಂತಹ ವಲಯಾಧಿಕಾರಿಗಳು ಕಳ್ಳಬೇಟೆಯನ್ನು ಹತ್ತಿಕ್ಕಿದ ದುಡಿಮೆಯೂ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1986ರಿಂದ ನಾಗರಹೊಳೆಯಲ್ಲಿ ನಡೆಸಿದ ಸಂಶೋಧನೆಯೂ ಇವೆ. ಕೋಣೆಯ ಬಿಲ್ಲಿನಲ್ಲಿ ಅವಕ್ಕೆ ಪ್ರತ್ಯೇಕ ಕಲಮು ಇರುವುದಿಲ್ಲ.

ಮೊದಲಿಗೆ ಹೇಳಿದ ದೊಡ್ಡಬಳ್ಳಾಪುರ, ನೆಲಮಂಗಲಗಳಿರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಈ ಲೋಕದೊಡನೆ ಇರುವ ನಂಟು ಸದ್ಯಕ್ಕೆ ದಾರಿಯದು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ಹೊರನಾಡಿನ ಸಫಾರಿ ಅತಿಥಿಗಳಲ್ಲಿ ಹಲವರು ಮೊದಲು ಕಾಲಿಡುವುದು ಈ ಜಿಲ್ಲೆಯ ನೆಲದಲ್ಲಿ. ಅಲ್ಲಿಂದ ಕಾರಾಪುರಕ್ಕೆ ಸುಮಾರು 250 ಕಿಲೋಮೀಟರು. ಜಿಲ್ಲೆಯಲ್ಲಿ ತೋಟದ ರೆಸಾರ್ಟುಗಳಿಗೂ ಗಾಲ್ಫ್ ಮೈದಾನಗಳಿಗೂ ಕೊರತೆಯಿಲ್ಲವಾದರೂ, ಇಲ್ಲಿನ ಕುರುಚಲು ಕಾಡೂ ಹುಲ್ಲುಗಾವಲೂ ಪ್ರವಾಸಿಗರ ಕಣ್ಣಿಗೆ ಬಹುಕಾಲ ಬರಡು ಜಾಗವಾಗಿಯೇ ಕಂಡವು. ದೊಡ್ಡಬಳ್ಳಾಪುರ, ನೆಲಮಂಗಲಗಳ ಸೆರಗಿಗೆ ತಾಗಿದ, ಅರ್ಕಾವತಿಯ ಕಣಿವೆಯ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು, ಅಂದರೆ ಸರ್ಕಾರಿ ಭೂಮಿಯಲ್ಲೇ ಸ್ಥಳೀಯರೊಡನೆ ಸಮಾಲೋಚಿಸಿ ಘೋಷಿಸುವ ಸಂರಕ್ಷಿತ ಪ್ರದೇಶವನ್ನಾಗಿ ಮಾಡಬೇಕೆಂಬ ಪ್ರಸ್ತಾವ 2021ರಲ್ಲಿ ತಿರಸ್ಕೃತವಾಗಿ, 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಪಡೆಯಿತು. ಚಳಿಗಾಲದಲ್ಲಿ ವಲಸೆ ಬರುವ ಹ್ಯಾರಿಯರ್ ಜಾತಿಯ ಗಿಡುಗಗಳನ್ನು ನೋಡಲು ಅಲ್ಲಿಗೆ ಹೋಗುವವರಿಗೆ ಐಷಾರಾಮಿ ಕೋಣೆಯ ಅಗತ್ಯವಿಲ್ಲ. ಬೆಳಗಿನ ಬಸ್ಸು, ಒಂದು ದುರ್ಬೀನು ಇದ್ದರೆ ಸಾಕು.

ಕಬಿನಿಗೆ ಹೊರಡುವವರು ಮಾತ್ರ ಕೋಣೆ ಕಾಯ್ದಿರಿಸುವ ಮೊದಲು ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಾಡಂಚಿನ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಹಿನ್ನೆಲೆಯಲ್ಲಿ 2025ರ ನವೆಂಬರಿನಲ್ಲಿ ಅರಣ್ಯ ಸಚಿವರು ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ಹಚ್ಚುವಂತೆ ಆದೇಶಿಸಿದಾಗ, ಹುಲ್ಲಿನ ಛಾವಣಿಯ ಈಜುಕೊಳದ ಮನೆಯ ಅತಿಥಿಗೂ, ಅಂತರಸಂತೆ ವಲಯದ ದಮ್ಮನಕಟ್ಟೆಯಲ್ಲಿ ಅರಣ್ಯ ಇಲಾಖೆಯ ಬಸ್ಸಿಗೆ ಸರದಿಯಲ್ಲಿ ನಿಂತು ಟಿಕೆಟ್ ಕೊಳ್ಳುವವನಿಗೂ ಕಾಡಿನ ಬಾಗಿಲು ಒಟ್ಟಿಗೇ ಮುಚ್ಚಿತು.